ಸತ್ತದ್ದು ನೀರಿನಲ್ಲೇ ಇರುತ್ತದೆ

ಮಾರ್ಚ್ ತಿಂಗಳಲ್ಲಿ ಗೆಂಡೆಹಳ್ಳಿ ಸುತ್ತಿನ ಕಾಫಿ ತೋಟಗಳ ಹೊಂಡಗಳನ್ನು ನೋಡುವುದಾದರೆ ಬಿಸಿಲು ನೀರಿಗೆ ಇಳಿಯುವ ಮುಂಚೆಯೇ ಹೋಗಬೇಕು. ಮಧ್ಯಾಹ್ನ ಹೋದವರ ಕಣ್ಣಿಗೆ ನೀರು ಸುಮಾರಾಗಿ ತಿಳಿಯಾಗಿಯೇ ಕಾಣುತ್ತದೆ. ಅಂಚಿನಲ್ಲಿ ಒಂದಿಷ್ಟು ಹಸಿರು, ಅಷ್ಟೇ. ಬೆಳಗಿನ ಆರಕ್ಕೆ, ಗಾಳಿ ಇನ್ನೂ ಎದ್ದಿರದ ಹೊತ್ತಿನಲ್ಲಿ, ಅದೇ ಹೊಂಡದ ಮೇಲೆ ಯಾರೋ ಪೇಂಟಿನ ಡಬ್ಬ ಮಗುಚಿ ಹೋದಂತೆ ದಪ್ಪ ಹಸಿರು ಪದರ ಹರಡಿರುತ್ತದೆ. ದಡಕ್ಕೆ ಅಂಟಿ ಒಣಗಿದ ಕಡೆ ಅದು ನೀಲಿಗೆ ತಿರುಗಿರುತ್ತದೆ.

ಇದು ನೀಲಿ-ಹಸಿರು ಪಾಚಿ. ಹೆಸರಿಗೆ ಪಾಚಿ, ಜಾತಿಯಲ್ಲಿ ಬ್ಯಾಕ್ಟೀರಿಯಾ. ವಿಜ್ಞಾನದವರು ಸಯನೋಬ್ಯಾಕ್ಟೀರಿಯಾ ಎನ್ನುತ್ತಾರೆ. ಹೊಂಡದ ಮೇಲೆ ಹೀಗೆ ಪದರ ಕಟ್ಟುವ ಮೈಕ್ರೋಸಿಸ್ಟಿಸ್‌ನಂಥವು ತಮ್ಮ ಕೋಶದೊಳಗೆ ಗಾಳಿ ತುಂಬಿದ ಅತಿ ಸಣ್ಣ ಕೋಣೆಗಳನ್ನು ಕಟ್ಟಿಕೊಂಡಿವೆ. ಹಗಲೆಲ್ಲ ಬಿಸಿಲು ಉಂಡು ಪಿಷ್ಟದಂಥ ವಸ್ತು ಕೂಡಿಟ್ಟುಕೊಂಡಾಗ ಮೈ ಭಾರವಾಗಿ ಕೆಳಗಿಳಿಯುತ್ತವೆ. ರಾತ್ರಿ ಆ ಉಳಿತಾಯವನ್ನು ಉಸಿರಾಟಕ್ಕೆ ಖರ್ಚು ಮಾಡಿ, ಹಗುರಾಗಿ, ಬೆಳಗಾಗುವ ಹೊತ್ತಿಗೆ ನೀರಿನ ನೆತ್ತಿಗೆ ಬಂದು ನಿಲ್ಲುತ್ತವೆ. ಕಣ್ಣಿಗೆ ಕಾಣದಷ್ಟು ಚಿಕ್ಕ ಜೀವಕ್ಕೆ ಇಂಥ ದಿನಚರಿ ಇದೆಯಲ್ಲ ಎಂದು ನನಗೆ ಪ್ರತಿ ಸಲವೂ ಬೆರಗಾಗುತ್ತದೆ.

ಮೀನುಗಳಿಗೆ ಮಾತ್ರ ಆ ಹೊತ್ತು ಕಷ್ಟದ್ದು. ನೀರಿನಲ್ಲಿ ಕರಗಿದ ಆಮ್ಲಜನಕ ಅತಿ ಕಡಿಮೆ ಇರುವುದು ಬೆಳಗಿನ ಜಾವದಲ್ಲಿ. ಹಗಲು ಆಮ್ಲಜನಕ ಕೊಡುವ ಪಾಚಿಯೇ ರಾತ್ರಿಯಿಡೀ ಅದನ್ನು ಎಳೆದುಕೊಳ್ಳುತ್ತದೆ, ತಳದಲ್ಲಿ ಕೊಳೆಯುವುದು ಏನಿದ್ದರೂ ಅದೂ ಎಳೆದುಕೊಳ್ಳುತ್ತದೆ. ಹೊಂಡಕ್ಕೆ ಬಿಟ್ಟ ಕಾಟ್ಲಾ, ರೋಹು ಮೀನುಗಳು ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಾ ನಿಂತಿದ್ದರೆ ನೀರಿನ ಸ್ಥಿತಿ ತಿಳಿಯಲು ಬೇರೆ ಪರೀಕ್ಷೆ ಬೇಕಿಲ್ಲ.

ಈ ಪದರದ ಹಿಂದೊಂದು ಕಥೆ ಇರುವುದುಂಟು. ಜನವರಿಯಲ್ಲಿ ಅದೇ ಹೊಂಡದಲ್ಲಿ ಬೇರೆ ಪಾಚಿ ಇತ್ತು: ಉದ್ದುದ್ದ ನೂಲಿನಂಥದ್ದು, ಕೈಗೆ ಸಿಗುವಂಥದ್ದು. ಫೆಬ್ರವರಿ ಕೊನೆಯಿಂದ ಕಾಫಿ ಹೂವಿಗೆ ನೀರು ಕೊಡಬೇಕು. ಹೂಮಳೆ ಕೈಕೊಟ್ಟ ವರ್ಷ ಸ್ಪ್ರಿಂಕ್ಲರೇ ಗತಿ. ನೂಲುಪಾಚಿ ಪಂಪಿನ ಫುಟ್‌ವಾಲ್ವಿಗೆ ಸುತ್ತಿಕೊಂಡರೆ ನೀರೇ ಏರುವುದಿಲ್ಲ. ಆಗ ನಮ್ಮ ಕಡೆಯವರ ಕೈ ತಾನಾಗಿಯೇ ಹೋಗುವುದು ಗೋದಾಮಿನ ಮೂಲೆಯಲ್ಲಿರುವ ಮೈಲುತುತ್ತದ ಚೀಲಕ್ಕೆ.

ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ನಮಗೆ ಹೊಸದಲ್ಲ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗದ ಮೇಲೆ 1910ರಲ್ಲಿ ಬರೆದ ಕಾಲದಿಂದ ಅದರಿಂದ ಮಾಡುವ ಬೋರ್ಡೊ ದ್ರಾವಣ ಮಲೆನಾಡಿನ ಮನೆಮಾತು. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಲ್ಲಿ ಶುರುವಾದ ಮೇಲೆ ಕಾಫಿ ಎಲೆಯ ತುಕ್ಕುರೋಗಕ್ಕೂ ಅದೇ ಔಷಧಿ ತೋಟ ತೋಟಕ್ಕೆ ತಲುಪಿತು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬ ಲೆಕ್ಕವನ್ನು ಇಲ್ಲಿ ಶಾಲೆಯ ಮೆಟ್ಟಿಲು ಹತ್ತದವರೂ ಹೇಳುತ್ತಾರೆ. ಎಲೆಯ ಮೇಲೆ ಇಷ್ಟು ಕಾಲ ಕೈಹಿಡಿದ ವಸ್ತುವನ್ನು ನೀರಿನಲ್ಲೂ ನಂಬುವುದು ಸಹಜ. ಅಮೆರಿಕದ ಮೂರ್ ಮತ್ತು ಕೆಲ್ಲರ್‌ಮನ್ ಎಂಬ ಇಬ್ಬರು 1904ರಲ್ಲೇ ಕುಡಿಯುವ ನೀರಿನ ಜಲಾಶಯಗಳ ಪಾಚಿಗೆ ಈ ವಿಧಾನ ಸೂಚಿಸಿದ್ದರು: ಗೋಣಿಚೀಲದಲ್ಲಿ ಮೈಲುತುತ್ತದ ಹರಳು ಕಟ್ಟಿ, ದೋಣಿಯ ಹಿಂದೆ ನೀರಿನಲ್ಲಿ ಎಳೆಯುತ್ತಾ ಹೋಗುವುದು.

ಕೆಲಸವೂ ಆಗುತ್ತದೆ. ಕೆಲವೇ ದಿನಗಳಲ್ಲಿ ನೂಲುಪಾಚಿ ಬಿಳಿಚಿ, ಕಂದಾಗಿ, ತಳಕ್ಕೆ ಕೂರುತ್ತದೆ. ನೀರು ತಿಳಿಯಾಗುತ್ತದೆ. ಆಮೇಲಿನದನ್ನು ಯಾರೂ ಎಣಿಸಿರುವುದಿಲ್ಲ. ತಳಕ್ಕೆ ಕೂತದ್ದು ಕೊಳೆತು, ಇಷ್ಟು ದಿನ ತನ್ನ ಮೈಯಲ್ಲಿ ಕಟ್ಟಿಟ್ಟುಕೊಂಡಿದ್ದ ರಂಜಕವನ್ನೂ ಸಾರಜನಕವನ್ನೂ ನೀರಿಗೆ ಬಿಡುತ್ತದೆ. ಪಾಚಿ ಮೇಯುತ್ತಿದ್ದ ನೀರುಚಿಗಟದಂಥ ಸಣ್ಣ ಜೀವಗಳನ್ನು ತಾಮ್ರ ಮೊದಲೇ ಮುಗಿಸಿರುತ್ತದೆ. ಮೀನಿಗೂ ಬಸವನಹುಳಕ್ಕೂ ಅದು ಒಳ್ಳೆಯದಲ್ಲ. ಹೀಗೆ ಊಟ ಬಡಿಸಿಟ್ಟು, ತಿನ್ನುವವರನ್ನೆಲ್ಲ ಆಚೆ ಕಳಿಸಿದ ಜಾಗಕ್ಕೆ, ಬಿಸಿಲೂ ಏರಿದ ಮೇಲೆ, ನೀಲಿ-ಹಸಿರು ಪಾಚಿ ಬರುತ್ತದೆ. ತಾಮ್ರ ಇದನ್ನೂ ಕೊಲ್ಲಬಲ್ಲದು, ನಿಜ. ಆದರೆ ನೀರಿನಲ್ಲಿ ಕರಗಿದ ತಾಮ್ರ ಹೆಚ್ಚು ಕಾಲ ನಿಲ್ಲುವುದಿಲ್ಲ, ಬೇಗ ಹೂಳಿಗೆ ಅಂಟಿಕೊಂಡು ಬಿಡುತ್ತದೆ. ಆಗ ಉಳಿದ ಒಂದಿಷ್ಟು ಕೋಶಗಳೇ ಹೊಂಡ ತುಂಬಲು ಸಾಕು.

ಇದೇ ಕಥೆಯನ್ನು ಇನ್ನೊಂದು ನೀರಿನಿಂದಲೂ ಕೇಳುತ್ತಿದ್ದೇನೆ. ನನ್ನ ಅಕ್ಕನ ಮಗ ಅಮೆರಿಕದಲ್ಲಿದ್ದಾನೆ. ಹಾಲ್‌ನಲ್ಲಿ ಗಾಜಿನ ತೊಟ್ಟಿ ಇಟ್ಟು ಉಪ್ಪುನೀರಿನಲ್ಲಿ ಹವಳ ಬೆಳೆಸುತ್ತಾನೆ. ನಮ್ಮ ದೇಶದಲ್ಲಿ ಇದು ಮಾಡುವಂಥದ್ದಲ್ಲ. 2001ರಿಂದ ಗಟ್ಟಿ ಹವಳಗಳೆಲ್ಲ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೆಯ ಷೆಡ್ಯೂಲಿನಲ್ಲಿವೆ, ಮುರ್ಡೇಶ್ವರದಾಚೆಯ ನೇತ್ರಾಣಿ ದ್ವೀಪದ ಸುತ್ತ ಮುಳುಗಿ ನೋಡಬಹುದು, ಮುಟ್ಟುವಂತಿಲ್ಲ. ಆ ಕಾಯ್ದೆ ಸರಿ ಎಂದೇ ನಾನು ಭಾವಿಸಿದ್ದೇನೆ. ಅಮೆರಿಕದಲ್ಲಿ ಸಾಕಣೆಯಲ್ಲಿ ಬೆಳೆದ ಹವಳದ ತುಣುಕುಗಳು ಸಿಗುತ್ತವೆ, ಅವನ್ನೇ ತಂದು ನೆಟ್ಟಿದ್ದಾನೆ. ನಮಗೆ ಬೆಳಗಾದಾಗ ಅವನಿಗೆ ರಾತ್ರಿಯ ಊಟದ ಹೊತ್ತು. ಹಾಗಾಗಿ ನಾನು ಹೊಂಡದ ಏರಿಯ ಮೇಲಿದ್ದಾಗಲೇ ಅವನ ಫೋನು.

ಅವನ ತೊಟ್ಟಿಯಲ್ಲಿ ಬ್ರಯಾಪ್ಸಿಸ್ ಎಂಬ ಗರಿಯಂಥ ಹಸಿರು ಪಾಚಿ ಹವಳದ ಬುಡಕ್ಕೆಲ್ಲ ಹಬ್ಬಿತ್ತು. ಕಿತ್ತಷ್ಟೂ ಚಿಗುರುವ ಜಾತಿ. ಫ್ಲುಕೊನಜೋಲ್ ಎಂಬ ಮಾತ್ರೆ ಹಾಕಿದ. ಮನುಷ್ಯರಿಗೆ ಶಿಲೀಂಧ್ರದ ಸೋಂಕಿಗೆ ಕೊಡುವ ಮಾತ್ರೆಯೇ ಅದು. ಈ ಪಾಚಿಗೂ ಹಿಡಿಯುತ್ತದೆ ಎಂದು ಹವಳ ಸಾಕುವವರು ಬಹಳ ಜನ ಬಳಸುತ್ತಾರೆ. ವಾರಗಳಲ್ಲಿ ಪಾಚಿ ಕರಗಿಹೋಯಿತು. ಅದರ ಬೆನ್ನಿಗೇ ಮರಳಿನ ಮೇಲೆ ಕೆಂಪು ನೇರಳೆಯ ಲೋಳೆ ಹಾಸಿಕೊಂಡಿತು. ಅದೂ ಸಯನೋಬ್ಯಾಕ್ಟೀರಿಯಾವೇ. ಫೈಕೋಎರಿಥ್ರಿನ್ ಎಂಬ ವರ್ಣದಿಂದ ಅದಕ್ಕೆ ಆ ಕೆಂಪು. ನಮ್ಮ ಹೊಂಡದಲ್ಲಿ ಒಣಗಿದ ಕಡೆ ಕಾಣುವ ನೀಲಿ, ಫೈಕೋಸಯನಿನ್ ಎಂಬ ಇನ್ನೊಂದು ವರ್ಣದ್ದು. ಒಂದೇ ಮನೆತನ.

ಅವನು ಹೇಳಿದ ಒಂದು ವಿಷಯ ನನ್ನನ್ನು ತಡೆದು ನಿಲ್ಲಿಸಿತು. ಅವನ ತೊಟ್ಟಿ ಬೆಳಿಗ್ಗೆ ಚೊಕ್ಕಟವಾಗಿ ಕಾಣುತ್ತದಂತೆ. ದೀಪ ಹತ್ತಿಸಿದ ಮೇಲೆ ಗಂಟೆ ಗಂಟೆಗೂ ಕೆಂಪು ಏರುತ್ತಾ, ಲೋಳೆಯ ಒಳಗೆ ಆಮ್ಲಜನಕದ ಗುಳ್ಳೆ ಕಟ್ಟುತ್ತಾ, ಸಂಜೆಗೆ ಮರಳೇ ಕಾಣದಷ್ಟಾಗುತ್ತದೆ. ನಮ್ಮ ಹೊಂಡ ತನ್ನ ಕಾಯಿಲೆಯನ್ನು ಬೆಳಿಗ್ಗೆ ತೋರಿಸುತ್ತದೆ, ಅವನದು ಸಂಜೆ. ಬೆಳಿಗ್ಗೆ ಎದ್ದು ತೊಟ್ಟಿ ನೋಡಿದ ಮನುಷ್ಯ ಗುಣವಾಯಿತು ಎಂದುಕೊಂಡು ಕೆಲಸಕ್ಕೆ ಹೋಗುತ್ತಾನೆ. ಮಧ್ಯಾಹ್ನ ಹೊಂಡ ನೋಡಿದ ಸಾಹುಕಾರರೂ ಹಾಗೆಯೇ ಅಂದುಕೊಳ್ಳುತ್ತಾರೆ. ನೀರನ್ನು ಎಷ್ಟು ಸಲ ನೋಡಿದೆವು ಎಂಬುದರಷ್ಟೇ ಯಾವ ಹೊತ್ತಿನಲ್ಲಿ ನೋಡಿದೆವು ಎಂಬುದೂ ಮುಖ್ಯ ಎಂದು ಆವತ್ತಿನಿಂದ ಅನ್ನಿಸುತ್ತಿದೆ.

“ಮಾವ, ಇದಕ್ಕೂ ಒಂದು ಔಷಧಿ ಇದೆ. ಹಾಕಿಬಿಡ್ಲಾ?” ಅಂದ.

ಇದೆ. ಎರಿಥ್ರೋಮೈಸಿನ್‌ನಂಥ ಪ್ರತಿಜೀವಕಗಳು. ಬ್ಯಾಕ್ಟೀರಿಯಾ ಆದ್ದರಿಂದ ಅವು ನಾಟುತ್ತವೆ. ಎರಡು ದಿನದಲ್ಲಿ ಲೋಳೆ ಮಾಯವಾಗಬಹುದು. ಮರಳಿನೊಳಗೆ ಹೊಲಸನ್ನು ಹದಮಾಡುವ ಒಳ್ಳೆಯ ಬ್ಯಾಕ್ಟೀರಿಯಾಗಳಿಗೂ ಪೆಟ್ಟು ಬೀಳಬಹುದು. ಸತ್ತದ್ದು ಕೊಳೆಯುವಾಗ ನೀರಿನ ಆಮ್ಲಜನಕ ಕುಸಿಯುತ್ತದೆ, ಆ ದಿನಗಳಲ್ಲಿ ಗಾಳಿಗುಳ್ಳೆಯ ಪಂಪು ನಿಲ್ಲಿಸುವ ಹಾಗಿಲ್ಲ. ಜೊತೆಗೆ ಮೊದಲನೆಯ ಸಾವಿನಿಂದ ನೀರಿಗೆ ಬಂದ ಗೊಬ್ಬರ ಅಲ್ಲೇ ಇದೆ, ಅದರ ಮೇಲೆ ಎರಡನೆಯ ಸಾವಿನದೂ ಸೇರುತ್ತದೆ. ಮೂರನೆಯದಾಗಿ ಯಾರು ಬರುತ್ತಾರೆ? ಆ ಪ್ರಶ್ನೆಗೆ ಅವನಲ್ಲೂ ಉತ್ತರ ಇರಲಿಲ್ಲ.

ಅವನಿಗೆ ನಾನು ಪಾಮ್ ದ್ವೀಪದ ಸಂಗತಿ ಹೇಳಿದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಕರಾವಳಿಯ ಆ ದ್ವೀಪಕ್ಕೆ ಸೊಲೊಮನ್ ಅಣೆಕಟ್ಟಿನಿಂದ ನೀರು. 1979ರಲ್ಲಿ ಆ ನೀರಿನಲ್ಲಿ ನೀಲಿ-ಹಸಿರು ಪಾಚಿ ಹೆಚ್ಚಿತು. ವಾಸನೆ, ರುಚಿ ಕೆಟ್ಟಿತೆಂದು ಜನ ದೂರಿದರು. ಮೈಲುತುತ್ತ ಹಾಕಿದರು. ಕೆಲವೇ ದಿನಗಳಲ್ಲಿ 148 ಜನ, ಅವರಲ್ಲಿ 138 ಮಕ್ಕಳು, ಯಕೃತ್ತು ಊದಿ, ವಾಂತಿ ಭೇದಿಯಿಂದ ಹಾಸಿಗೆ ಹಿಡಿದರು. ಅದನ್ನು ಪಾಮ್ ದ್ವೀಪದ ನಿಗೂಢ ರೋಗ ಎಂದೇ ಕರೆದರು. ಬದುಕಿದ್ದಾಗ ಬಹುಪಾಲು ವಿಷವನ್ನು ಆ ಜೀವಿ ತನ್ನೊಳಗೇ ಇಟ್ಟುಕೊಂಡಿತ್ತು. ಕೊಂದಾಗ ಕೋಶ ಒಡೆದು ವಿಷವೆಲ್ಲ ಒಮ್ಮೆಲೇ ಕುಡಿಯುವ ನೀರಿಗೆ ಬಂತು ಎಂಬುದು ಆಮೇಲೆ ತಿಳಿಯಿತು. ಇದನ್ನು ಓದಿದ ಮೇಲೆ ಹೊಂಡಕ್ಕೆ ಮೈಲುತುತ್ತ ಹಾಕುವ ಮಾತು ಯಾರಾದರೂ ಎತ್ತಿದರೆ ನನ್ನ ಕಣ್ಣಮುಂದೆ ಆ ಮಕ್ಕಳೇ ಬರುತ್ತಾರೆ.

ಹಾಗಾದರೆ ಬೇರು ಎಲ್ಲಿದೆ? ಕೆನಡಾದ ಒಂಟಾರಿಯೊದಲ್ಲಿ ಡೇವಿಡ್ ಷಿಂಡ್ಲರ್ ಎಂಬ ವಿಜ್ಞಾನಿ 1973ರಲ್ಲಿ ಒಂದು ಸರೋವರವನ್ನು ನಡುವೆ ಪರದೆ ಇಳಿಬಿಟ್ಟು ಎರಡು ಪಾಲು ಮಾಡಿದರು. ಅದಕ್ಕೆ ಹೆಸರಿಲ್ಲ, ಸರೋವರ 226 ಎಂಬ ಸಂಖ್ಯೆ ಮಾತ್ರ. ಒಂದು ಪಾಲಿಗೆ ಇಂಗಾಲ, ಸಾರಜನಕ ಕೊಟ್ಟರು. ಇನ್ನೊಂದಕ್ಕೆ ಆ ಎರಡರ ಜೊತೆ ರಂಜಕವನ್ನೂ ಕೊಟ್ಟರು. ರಂಜಕ ಬಿದ್ದ ಪಾಲು ನೀಲಿ-ಹಸಿರು ಪಾಚಿಯಿಂದ ತುಂಬಿತು, ಇನ್ನೊಂದು ತಿಳಿಯಾಗಿಯೇ ಉಳಿಯಿತು. ಆಕಾಶದಿಂದ ತೆಗೆದ ಅದರ ಫೋಟೊ ನೋಡಿದವರಿಗೆ ವಿವರಣೆ ಬೇಕಾಗಲಿಲ್ಲ. ಅದೇ ಪ್ರದೇಶದ 227ನೆಯ ಸರೋವರದಲ್ಲಿ ಮುಂದೆ ಕಂಡದ್ದು ಇನ್ನೂ ಸೂಕ್ಷ್ಮ: ರಂಜಕವನ್ನು ಹಾಗೇ ಬಿಟ್ಟು ಸಾರಜನಕವನ್ನು ಮಾತ್ರ ಕಡಿತ ಮಾಡಿದರೆ, ಗಾಳಿಯಿಂದಲೇ ಸಾರಜನಕ ಹಿಡಿಯಬಲ್ಲ ನೀಲಿ-ಹಸಿರು ಪಾಚಿಗಳದೇ ಮೇಲುಗೈ. ಅಕ್ಕನ ಮಗನ ತೊಟ್ಟಿಯಲ್ಲಿ ನೈಟ್ರೇಟ್ ಸೊನ್ನೆಗಿಳಿದು ಫಾಸ್ಫೇಟ್ ಮಾತ್ರ ಉಳಿದಿತ್ತು. ಸೊನ್ನೆ ಕಂಡಾಗ ಅವನಿಗೆ ಹೆಮ್ಮೆಯಾಗಿತ್ತಂತೆ.

ನಮ್ಮ ಹೊಂಡಗಳಿಗೆ ರಂಜಕ ಬರುವ ದಾರಿಗಳು ಎಲ್ಲರಿಗೂ ಗೊತ್ತಿರುವವೇ. ಮಳೆಗಾಲದಲ್ಲಿ ಇಳಿಜಾರಿನಿಂದ ಕೊಚ್ಚಿ ಬರುವ ಮಣ್ಣು, ಅದರೊಂದಿಗೆ ತೋಟಕ್ಕೆ ಹಾಕಿದ ಗೊಬ್ಬರ. ನವೆಂಬರ್‌ನಿಂದ ಅರೇಬಿಕಾ ಹಣ್ಣು ಪಲ್ಪರ್‌ಗೆ ಬಿದ್ದಾಗ ಹೊರಡುವ ಲೋಳೆನೀರು. ದನದ ಕೊಟ್ಟಿಗೆಯ ಮೋರಿ. ಇವೆಲ್ಲ ತಳದ ಹೂಳಿನಲ್ಲಿ ಕೂಡಿಟ್ಟಿರುತ್ತವೆ. ಮೇಲಿಂದ ಬರುವುದನ್ನು ಇವತ್ತೇ ನಿಲ್ಲಿಸಿದರೂ, ಬೇಸಿಗೆಯಲ್ಲಿ ತಳಕ್ಕೆ ಆಮ್ಲಜನಕ ಇಳಿಯದಿದ್ದಾಗ ಹೂಳು ತಾನು ಹಿಡಿದಿಟ್ಟ ರಂಜಕವನ್ನು ಮತ್ತೆ ನೀರಿಗೆ ಬಿಡುತ್ತದೆ. ಹಳೆಯ ಸಾಲ ತೀರಲು ವರ್ಷಗಳು ಹಿಡಿಯುತ್ತವೆ.

ತೋಟದಲ್ಲಿ ಬಹುಕಾಲ ಕೆಲಸ ಮಾಡಿದ ಹಿರಿಯರೊಬ್ಬರಿದ್ದಾರೆ. ನೂಲುಪಾಚಿಯನ್ನು ಅವರು ಉದ್ದನೆಯ ಬಿದಿರಿಗೆ ಸುತ್ತಿ ಸುತ್ತಿ ಎಳೆದು ಏರಿಯ ಆಚೆಗೆ ಹಾಕುತ್ತಿದ್ದರು. ಔಷಧಿ ಹಾಕಿದರೆ ಇಷ್ಟು ಕಷ್ಟ ಇರುವುದಿಲ್ಲವಲ್ಲ ಎಂದು ಯಾರೋ ಕೇಳಿದ್ದಕ್ಕೆ ಅವರು ಕೆಲಸ ನಿಲ್ಲಿಸದೆಯೇ ಅಂದರು: “ಸತ್ತದ್ದು ಎಲ್ಲಿಗ್ ಹೋಯ್ತದೆ ಅಣ್ಣಾ? ನೀರಲ್ಲೇ ಇರ್ತದೆ. ಎತ್ತಿ ಹಾಕಿದ್ರೆ ತಾನೆ ಹೋಗೋದು.” ಷಿಂಡ್ಲರ್ ಸರೋವರಕ್ಕೆ ಪರದೆ ಕಟ್ಟಿ ತೋರಿಸಿದ್ದರ ತಿರುಳು ಈ ಮಾತಿನಲ್ಲಿದೆ ಎಂದು ನನಗೆ ಅನ್ನಿಸಿತು. ಪಾಚಿಯನ್ನು ಹೊರಗೆಳೆದು ಹಾಕಿದರೆ ಅದರ ಮೈಯಲ್ಲಿರುವ ರಂಜಕವೂ ಹೊರಗೆ ಬರುತ್ತದೆ. ಕೊಂದರೆ ಆಗುವುದು ಹೆಸರು ಬದಲಾವಣೆ ಮಾತ್ರ.

ನಮ್ಮ ಸೀಮೆಗೆ ಇದು ಹಳೆಯ ತಿಳಿವಳಿಕೆ. ಬೇಲೂರಿನ ವಿಷ್ಣುಸಮುದ್ರ, ಹಳೇಬೀಡಿನ ದೋರಸಮುದ್ರ ಕಟ್ಟಿದ ಕಾಲದಿಂದ ಕೆರೆ ಎಂದರೆ ನೀರು ನಿಲ್ಲಿಸುವುದಷ್ಟೇ ಆಗಿರಲಿಲ್ಲ, ಹೂಳು ತೆಗೆಯುವುದೂ ಆಗಿತ್ತು. ಕೆರೆಯ ನಿರ್ವಹಣೆಗೆ ಬಿತ್ತುವಟ್ಟ ಬಿಟ್ಟ ವಿಷಯ, ಹೂಳು ಹೊರುವ ಬಂಡಿಗೆ ದತ್ತಿ ಕೊಟ್ಟ ವಿಷಯ ಕನ್ನಡ ನಾಡಿನ ಶಾಸನಗಳಲ್ಲಿ ಸಿಗುತ್ತದೆ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಗಾಡಿ ಕಟ್ಟಿ ಗೋಡು ಹೊಡೆದು ಹೊಲಕ್ಕೆ ಹಾಕುವುದನ್ನು ನಮ್ಮ ಹಿಂದಿನ ತಲೆಮಾರಿನವರು ಹಬ್ಬದಷ್ಟೇ ನಿಷ್ಠೆಯಿಂದ ಮಾಡುತ್ತಿದ್ದರು. ಹೊಲದಿಂದ ನೀರಿಗೆ ಇಳಿದ ಗೊಬ್ಬರ ನೀರಿನಿಂದ ಹೊಲಕ್ಕೆ ಹಿಂತಿರುಗುತ್ತಿತ್ತು. ಗೊಬ್ಬರದ ಮೂಟೆ ಅಂಗಡಿಯಲ್ಲಿ ಸಿಗತೊಡಗಿದ ಮೇಲೆ ಗೋಡಿನ ಗಾಡಿಗಳು ನಿಂತವು. ಒಂದೇ ಎಚ್ಚರಿಕೆ: ವರ್ಷಾನುವರ್ಷ ಮೈಲುತುತ್ತ ಬಿದ್ದ ಹೊಂಡದ ಗೋಡಿನಲ್ಲಿ ತಾಮ್ರವೂ ಕೂತಿರುತ್ತದೆ. ಬೋರ್ಡೊ ಹೊಡೆದು ಹೊಡೆದು ನಮ್ಮ ಕಾಫಿ ತೋಟದ ಮಣ್ಣಿನಲ್ಲಿ ಈಗಾಗಲೇ ಸಾಕಷ್ಟು ತಾಮ್ರವಿದೆ. ಅಂಥ ಗೋಡನ್ನು ಹರಡುವ ಮೊದಲು ಮಣ್ಣು ಪರೀಕ್ಷೆಗೆ ಕಳಿಸುವುದು ಒಳ್ಳೆಯದು.

ಇಷ್ಟೆಲ್ಲ ಹೇಳಿದರೂ ಆ ಜೀವಿಯ ಮೇಲೆ ನನಗೆ ಹಗೆ ಹುಟ್ಟುವುದಿಲ್ಲ. ಚಿತ್ರದುರ್ಗದ ಕಡೆಯ ಶಿಲೆಗಳಲ್ಲಿ, ಸೊಂಡೂರಿನ ಶಿಲೆಗಳಲ್ಲಿ, ಸ್ಟ್ರೊಮಟೊಲೈಟ್ ಎಂಬ ಅಲೆಯಲೆಯ ಪದರಗಳಿವೆ. ಸೂಕ್ಷ್ಮಜೀವಿಗಳ ಲೋಳೆ ಹಾಸುಗಳು ಒಂದರ ಮೇಲೊಂದು ಕೂತು ಕಲ್ಲಾದವು ಅವು. 250 ಕೋಟಿ ವರ್ಷಕ್ಕೂ ಹಳೆಯವು. ಗಾಜಿನ ತೊಟ್ಟಿಯ ಮರಳಿನ ಮೇಲೆ ಹಾಸಿಕೊಂಡ ಕೆಂಪು ಲೋಳೆಯ ಪೂರ್ವಿಕರ ಸಂಸಾರವದು. ನಾವು ಉಸಿರಾಡುವ ಆಮ್ಲಜನಕವನ್ನು ಈ ಭೂಮಿಯ ಗಾಳಿಗೆ ಮೊದಲು ತುಂಬಿದ್ದು ಇವುಗಳೇ. ಗದ್ದೆಗೆ ವರ್ಷ ವರ್ಷವೂ ಗೊಬ್ಬರವಿಲ್ಲದೆ ಭತ್ತ ಹೇಗೆ ಬೆಳೆಯುತ್ತದೆ ಎಂದು ಹುಡುಕಿದ ಬಂಗಾಳದ ಪಿ.ಕೆ. ಡೇ 1939ರಲ್ಲಿ ತೋರಿಸಿದ್ದೂ ಇವುಗಳನ್ನೇ: ನಿಂತ ನೀರಿನಲ್ಲಿ ಗಾಳಿಯ ಸಾರಜನಕ ಹಿಡಿದು ಪೈರಿಗೆ ಕೊಡುತ್ತಿದ್ದದ್ದು ನೀಲಿ-ಹಸಿರು ಪಾಚಿ. ಯಗಚಿ ಹೊಳೆಯ ಬಯಲಿನ ಗದ್ದೆಯಲ್ಲಿ ಅನ್ನ ಕೊಡುವ ಮನೆತನವೇ ಒಂದು ಮೈಲಿಯಾಚೆಯ ಹೊಂಡದಲ್ಲಿ ದನಕ್ಕೆ ವಿಷವಾಗುತ್ತದೆ. ಅದು ಬದಲಾಗಿರುವುದಿಲ್ಲ. ನಾವು ಬಡಿಸಿದ್ದನ್ನು ಉಂಡಿರುತ್ತದೆ.

ಅಕ್ಕನ ಮಗ ಎರಡನೆಯ ಔಷಧಿ ಹಾಕಲಿಲ್ಲ. ದಿನ ಬಿಟ್ಟು ದಿನ, ಲೋಳೆ ದಪ್ಪವಾಗಿರುವ ಸಂಜೆ ಹೊತ್ತಿನಲ್ಲಿ, ಸಣ್ಣ ಪೈಪಿನಿಂದ ಅದನ್ನು ಹೀರಿ ಹೊರಗೆ ಚೆಲ್ಲುತ್ತಾನೆ. ನೀರು ನಿಶ್ಚಲವಾಗಿದ್ದ ಮೂಲೆಗಳಿಗೆ ಪಂಪಿನ ಮುಖ ತಿರುಗಿಸಿದ್ದಾನೆ. ಮೀನಿಗೆ ಹಾಕುವ ಆಹಾರ ತಗ್ಗಿಸಿದ್ದಾನೆ, ನೈಟ್ರೇಟ್ ಸೊನ್ನೆಯಿಂದ ಸ್ವಲ್ಪ ಮೇಲೇರಲು ಬಿಟ್ಟಿದ್ದಾನೆ. “ನಿಧಾನ ಕಣೋ ಮಗಾ, ತಿಂಗಳುಗಟ್ಟಲೆ ಹಿಡೀತದೆ” ಅಂದಿದ್ದೇನೆ. ಲೋಳೆ ಹೋದ ಕಡೆಯಲ್ಲೆಲ್ಲ ಮರಳು ಒಂದು ರೀತಿ ಬೋಳಾಗಿ ಕಾಣುತ್ತದೆ ಮಾವ, ಅದನ್ನು ನೋಡಿಕೊಂಡು ಸುಮ್ಮನಿರುವುದೇ ಕಷ್ಟ ಎನ್ನುತ್ತಾನೆ. ಆ ಬೋಳು ಜಾಗಕ್ಕೆ ಒಳ್ಳೆಯ ಜೀವಿಗಳೂ ಬಂದು ಕೂರಲು ಸಮಯ ಬೇಕು. ಖಾಲಿ ಕಂಡ ಕೂಡಲೇ ಮತ್ತೇನಾದರೂ ಸುರಿಯಬೇಕು ಎನ್ನಿಸುವ ಆತುರವನ್ನು ತಡೆದುಕೊಳ್ಳುವುದೇ ಈ ಕೆಲಸದ ಕಷ್ಟದ ಭಾಗ.

ಇಲ್ಲಿ ಹೊಂಡದ ಕೆಲಸ ಬೇರೆ. ಹಸಿರು ಪದರ ಇರುವಷ್ಟು ದಿನ ದನ, ನಾಯಿ ಆ ದಡಕ್ಕೆ ಹೋಗದಂತೆ ನೋಡಿಕೊಳ್ಳಬೇಕು, ಮಕ್ಕಳನ್ನು ಈಜಲು ಬಿಡಬಾರದು. ಕಾಯಿಸಿದರೆ ಸರಿಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ: ಮೈಕ್ರೋಸಿಸ್ಟಿಸ್‌ನ ವಿಷ ಕುದಿಸಿದರೆ ಹೋಗುವುದಿಲ್ಲ, ಕುದಿತಕ್ಕೆ ಕೋಶ ಒಡೆದು ಇನ್ನಷ್ಟು ಹೊರಬರುತ್ತದೆ. ಬೆಳಿಗ್ಗೆ ಪದರ ದಡಕ್ಕೆ ಸೇರಿರುವಾಗಲೇ, ಕೈಗೆ ಗವಸು ಹಾಕಿಕೊಂಡು, ಬಟ್ಟೆಯ ಜಾಲಿಯಲ್ಲಿ ಬಾಚಿ ತೆಗೆದು ನೀರಿನಿಂದ ದೂರ ಗುಂಡಿಗೆ ಹಾಕಬಹುದು. ಬಿಸಿಲೇರಿದ ಮೇಲೆ ಅದು ಕೈಗೆ ಸಿಗುವುದಿಲ್ಲ. ಏಪ್ರಿಲ್ ಕೊನೆಗೆ ನೀರು ತಳಮುಟ್ಟಿದಾಗ ಗೋಡು ತೆಗೆಯಲು ಗಾಡಿ ಹೇಳಿಟ್ಟಿದ್ದೇವೆ. ನವೆಂಬರ್‌ನ ಒಳಗೆ ಪಲ್ಪರ್ ನೀರು ಹೊಂಡದ ಕಡೆ ಹರಿಯದ ಹಾಗೆ ಬೇರೆ ಗುಂಡಿ ಆಗಬೇಕು, ಮಳೆನೀರು ಒಳಬರುವ ಬಾಯಿಗೆ ಲಾವಂಚ ನೆಡಬೇಕು. ಲಾವಂಚದ ಬುಡಗಳನ್ನು ಜೂನ್ ಮೊದಲ ಮಳೆಗೇ ಇಟ್ಟರೆ ಬೇರು ಹಿಡಿಯುತ್ತವೆ.